ಹನ್ನೆರಡು ‘ಇಲ್ಲ’ಗಳನ್ನು ವಾಪಸು ಕೊಡಿ

ಪ್ರಸಾರ ಆಧುನೀಕರಣ ಸಮಿತಿಯ ಅಧ್ಯಕ್ಷರಾದ

ಮಾನ್ಯರೇ,

ಬರುವ ಜನವರಿ ಒಂದನೇ ತಾರೀಖಿನಿಂದ ನಮ್ಮ ಊರಿನ ರೇಡಿಯೋ ಪ್ರಸಾರವನ್ನು ನಿಲ್ಲಿಸಿ, ಕಾರ್ಯಕ್ರಮಗಳನ್ನೆಲ್ಲ ಮೊಬೈಲ್ ಆ್ಯಪ್‌ಗೆ ಸಾಗಹಾಕುವುದಾಗಿ ತಾವು ಪ್ರಕಟಿಸಿದ್ದೀರಿ. ರೇಡಿಯೋ ಕೇಳುವವರು ಈಗ ಬೆರಳೆಣಿಕೆಯಷ್ಟು, ಕುಂಬಾರಕೊಪ್ಪಲಿನ ಒಂದು ಬೀದಿಯಲ್ಲಂತೂ ಒಬ್ಬರೂ ಇಲ್ಲ ಎಂದು ಕಾರಣವನ್ನೂ ಕೊಟ್ಟಿದ್ದೀರಿ. ‘ಹನ್ನೆರಡು ಮನೆ, ಸೊನ್ನೆ ರೇಡಿಯೋ’ ಎಂದು ಪತ್ರಿಕಾಗೋಷ್ಠಿಯಲ್ಲಿ ತಾವು ನಕ್ಕಿದ್ದನ್ನು ನಾನು ಟಿವಿಯಲ್ಲಿ ನೋಡಿದೆ. ಆ ಲೆಕ್ಕ ಸುಳ್ಳು. ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತಿದ್ದೇನೆ ಎಂಬುದನ್ನು ಮುಂದೆ ವಿವರಿಸುತ್ತೇನೆ. ಅದಕ್ಕೆ ನಾನು ಸ್ವಲ್ಪ ನಾಚಿಕೆ ಬಿಡಬೇಕಾಗುತ್ತದೆ.

ಮೊದಲು ಆ್ಯಪ್ ಬಿಡುಗಡೆ ಸಮಾರಂಭಕ್ಕೆ ಅಭಿನಂದನೆಗಳು. ಆಹ್ವಾನವಿಲ್ಲದಿದ್ದರೂ ಕೊನೆಯ ಸಾಲಿನಲ್ಲಿ ಕೂತು ಕಣ್ತುಂಬ ನೋಡಿದೆ. ತಮಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು. ಮಾತಾಡಿದ ಐವರೂ ರೇಡಿಯೋಗೆ ಕನ್ನಡದ ಹೆಸರು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ ಎಂದು ಎದೆಯುಬ್ಬಿಸಿ ಹೇಳಿ, ಆಮೇಲೆ ಅದೇ ರೇಡಿಯೋ ನಿಲ್ಲುವುದಕ್ಕೆ ಚಪ್ಪಾಳೆ ತಟ್ಟಿದರು. ನಾಮಕರಣ ಮಾಡಿದ ಮನೆಯಲ್ಲೇ ತಿಥಿಯೂಟವನ್ನೂ ಹಾಕಿಸಿದಿರಿ. ಒಬ್ಬಟ್ಟು ಚೆನ್ನಾಗಿತ್ತು. ವೇದಿಕೆಯ ದೀಪದ ಪಕ್ಕದಲ್ಲಿ ಒಂದು ಹಿಡಿ ಗಂಧದಕಡ್ಡಿ ಹೊಗೆಯಾಡುತ್ತಿದ್ದುದನ್ನು ತಾವು ಗಮನಿಸಿರಲಾರಿರಿ. ಅಂಥ ಕಡ್ಡಿಗಳನ್ನು ಹೊಸೆಯುವ ಕೈಗಳ ಬಗ್ಗೆಯೇ ನಾನು ಈ ಪತ್ರ ಬರೆಯುತ್ತಿರುವುದು.

ತಾವು ನಗೆಯಾಡಿದ ಆ ಬೀದಿಯ ಹನ್ನೆರಡು ಮನೆಗಳಲ್ಲೂ ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಧದಕಡ್ಡಿ ಹೊಸೆಯುತ್ತಾರೆ. ಇದ್ದಿಲ ಪುಡಿ ಮತ್ತು ಜಿಗಟಿನ ಪುಡಿಗೆ ನೀರು ಸೇರಿಸಿ ಕಲಸಿದ ಕಪ್ಪು ಹಿಟ್ಟನ್ನು ಬಿದಿರುಕಡ್ಡಿಗೆ ಮೆತ್ತಿ, ಮಣೆಯ ಮೇಲೆ ಅಂಗೈಯಲ್ಲಿ ಉರುಳಿಸಬೇಕು. ಮಣಿಕಟ್ಟಿನವರೆಗೂ ಕೈ ಕಪ್ಪಾಗಿರುತ್ತದೆ. ನಡುನಡುವೆ ಎದ್ದು ಕೈ ತೊಳೆಯುತ್ತ ಕೂತರೆ ಕಲಸಿದ ಹಿಟ್ಟು ಒಣಗಿ ಕೆಲಸ ಕೆಡುತ್ತದೆ. ಕಣ್ಣು ಕಡ್ಡಿಯ ಮೇಲೆ, ಕೈ ಮಣೆಯ ಮೇಲೆ. ಬಿಡುವಾಗಿರುವುದು ಕಿವಿ ಒಂದೇ. ಆ ಕಿವಿಗಳಿಗಾಗಿ ದೇವಿರಮ್ಮ ಎಂಬ ಹಿರಿಯರ ಜಗಲಿಯ ಮೇಲೆ ಒಂದು ರೇಡಿಯೋ ಇದೆ. ಬೀದಿಯ ತುದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ಮರಿಸ್ವಾಮಿ ಎಂಬವರು ಅಂಗಡಿ ಮುಚ್ಚಿದ ದಿನ ಅದನ್ನು ಅಲ್ಲಿ ತಂದಿಟ್ಟು, “ಬೀದಿಗಿರ್ಲಿ ತಗಳಿ” ಎಂದು ಹೇಳಿ ಹೋದರಂತೆ. ದೇವಿರಮ್ಮ ಬೆಳಿಗ್ಗೆ ಹಿಟ್ಟು ಕಲಸುವ ಮುಂಚೆ ಅದರ ಕಿವಿ ಹಿಂಡಿದರೆ, ಆರಿಸುವುದು ಸಂಜೆ ಕೈ ತೊಳೆದ ಮೇಲೆಯೇ.

ಈಗ ನಾಚಿಕೆಯ ಮಾತು. ಆ ಬೀದಿಯ ಸಮೀಕ್ಷೆ ಮಾಡಿದವನು ನಾನೇ.

ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ನಮೂನೆಗಳನ್ನು ತುಂಬಿ ನಿವೃತ್ತನಾದವನು ನಾನು. ಮನೆಯಲ್ಲಿ ಕೂತರೆ ನನ್ನ ಹೆಂಡತಿ ಪಂಕಜಾಳ ಅಡುಗೆಗೂ ಒಂದು ನಮೂನೆ ತಯಾರಿಸಿಯೇನೆಂಬ ಭಯಕ್ಕೆ ಅವಳೇ ನನ್ನನ್ನು ತಮ್ಮ ಸಮಿತಿಯ ಗಣತಿದಾರನಾಗಿ ಹೊರಗೆ ಅಟ್ಟಿದಳು. ತಮ್ಮ ನಮೂನೆಯ ಏಳನೇ ಪ್ರಶ್ನೆ ಹೀಗಿತ್ತು: ‘ನಿಮ್ಮ ಕುಟುಂಬವು ಸ್ವಂತ ರೇಡಿಯೋ ಹೊಂದಿದೆಯೇ?’ ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಇಲ್ಲ ಎಂದಾದಲ್ಲಿ ನೇರವಾಗಿ ಹದಿನಾಲ್ಕನೇ ಪ್ರಶ್ನೆಗೆ ಹೋಗಿ.’ ಏನು ಕೇಳುತ್ತೀರಿ, ಎಷ್ಟು ಹೊತ್ತು ಕೇಳುತ್ತೀರಿ, ನಿಂತುಹೋದರೆ ತೊಂದರೆಯೇ ಎಂಬ ಪ್ರಶ್ನೆಗಳೆಲ್ಲ ಎಂಟರಿಂದ ಹದಿಮೂರರ ನಡುವೆ ಇದ್ದವು. ಮೊದಲನೇ ಮನೆಯ ಮುಂದೆ ನಿಂತು ನಾನು ಪ್ರಶ್ನೆ ಓದಿದಾಗ ರೇಡಿಯೋದ ಅಬ್ಬರಕ್ಕೆ ಆ ಮನೆಯಾಕೆಗೆ ನನ್ನ ಮಾತೇ ಕೇಳಿಸಲಿಲ್ಲ. “ಸ್ವಲ್ಪ ಸದ್ದು ಕಡಿಮೆ ಮಾಡಿಸ್ರಮ್ಮ” ಎಂದೆ. ದೇವಿರಮ್ಮ ಮೊಣಕೈಯಲ್ಲೇ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದರು. ಆಮೇಲೆ ನಾನು ಮನೆಯಿಂದ ಮನೆಗೆ ನಡೆದೆ, ಹನ್ನೊಂದು ಮನೆಯವರೂ “ನಮ್ಮನೇಲಿಲ್ಲ ಸಾ” ಎಂದರು. ಕೊನೆಗೆ ದೇವಿರಮ್ಮನವರ ಸರದಿ ಬಂತು.

“ಇದು ನಿಮ್ಮದೇ ಅಲ್ಲವೇನಮ್ಮ?” ಎಂದೆ.

“ಅಯ್ಯೋ, ನಮ್ದೆಲ್ಲಿ ಬಂತು ಬುಡಿ ಸಾ. ಬೀದೀದು ಅದು. ನಂದು ಅಂತ ಬರ್ಸ್ಬುಟ್ರೆ ನಾಳೆ ಬೀದಿಯೋರು ಏನಂದ್ಕಂಡಾರು?”

ಬರೆಸಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಪರರ ವಸ್ತುವನ್ನು ಕಾಗದದಲ್ಲೂ ತನ್ನದೆನ್ನಲು ಆ ತಾಯಿಗೆ ಮನಸ್ಸಾಗಲಿಲ್ಲ. ಅವರ ಆ ಪ್ರಾಮಾಣಿಕತೆಯನ್ನೇ ನಾನು ಹನ್ನೆರಡನೇ ‘ಇಲ್ಲ’ ಎಂದು ಬರೆದುಕೊಂಡೆ.

ನಮೂನೆಯ ಕೊನೆಯಲ್ಲಿ ಟಿಪ್ಪಣಿ ಬರೆಯಲು ಷರಾ ಎಂಬ ಅಂಕಣವಿತ್ತು. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಾತ, “ಅಂಕಣ ಯಾರು ಬೇಕಾದ್ರೂ ತುಂಬ್ತಾರೆ ಕಣೋ, ಷರಾ ಬರೆಯೋನು ಗುಮಾಸ್ತ” ಎನ್ನುತ್ತಿದ್ದರು. ‘ಇಡೀ ಬೀದಿ ಒಂದೇ ರೇಡಿಯೋ ಕೇಳುತ್ತದೆ’ ಎಂಬ ಐದು ಪದ ಬರೆಯಲು ಅಲ್ಲಿ ಧಾರಾಳ ಜಾಗವಿತ್ತು. ನಾನು ಅಡ್ಡಗೆರೆ ಎಳೆದು ರುಜು ಹಾಕಿದೆ. ಬಿಸಿಲು ಜೋರಾಗಿತ್ತು, ಮನೆಗೆ ಹೋಗಿ ಕಾಫಿ ಕುಡಿಯುವ ಆತುರವಿತ್ತು. ನಾನು ಬೀದಿಯ ತಿರುವು ದಾಟುವ ಮೊದಲೇ ಹಿಂದುಗಡೆ ರೇಡಿಯೋ ಮತ್ತೆ ಜೋರಾಯಿತು.

ತಾವು ಟಿವಿಯಲ್ಲಿ ನಕ್ಕ ಮಾರನೇ ದಿನ ತಡೆಯಲಾರದೆ ಅಲ್ಲಿಗೆ ಹೋದೆ. ಮಧ್ಯಾಹ್ನ ಎರಡೂವರೆ, ರೇಡಿಯೋದಲ್ಲಿ ಹತ್ತನೇ ತರಗತಿಯ ಪಾಠ ಬರುತ್ತಿತ್ತು. ದೇವಿರಮ್ಮನವರ ಸೊಸೆ ಪವಿತ್ರ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಈಗ ಅಂಗನವಾಡಿಯಲ್ಲಿ ಸಹಾಯಕಿಯಾಗಬೇಕೆಂದು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದಾಳೆ. ಹೋದ ಸಲ ವಿಜ್ಞಾನವೊಂದರಲ್ಲಿ ಮೂರು ಅಂಕ ಕಡಿಮೆಯಾಗಿ ಕೈತಪ್ಪಿತು. ಬರುವ ಮಾರ್ಚ್‌ನಲ್ಲಿ ಮತ್ತೆ ಬರೆಯುತ್ತಾಳೆ. ಟ್ಯೂಷನ್ನಿಗೆ ಹೋಗಲು ಕೆಲಸ ಬಿಡುವ ಹಾಗಿಲ್ಲ, ಮನೆಯ ಒಂದೇ ಸ್ಮಾರ್ಟ್‌ಫೋನು ಆಟೋ ಓಡಿಸುವ ಗಂಡ ಸಾಗರನ ಜೇಬಿನಲ್ಲಿ ಊರು ಸುತ್ತುತ್ತಿರುತ್ತದೆ. ಅವಳಿಗಿರುವುದು ಈ ರೇಡಿಯೋ ಪಾಠ. ಕೈ ಕಪ್ಪಾಗಿರುವುದರಿಂದ ಬರೆದುಕೊಳ್ಳುವಂತಿಲ್ಲ. ಹಾಗಾಗಿ ಅವಳಿಗೆ ಮರೆತದ್ದನ್ನು ಬೀದಿಯ ಬೇರೆಯವರು ನೆನಪಿಟ್ಟುಕೊಂಡು ಹೇಳುತ್ತಾರೆ. ಹೆಬ್ಬೆಟ್ಟು ಒತ್ತುವ ದೇವಿರಮ್ಮ ನನಗೆ ಅಂದು ಹೇಳಿದ್ದು ಕೇಳಿ: “ಎಲೇನೆ ಗಿಡದ್ ಅಡ್ಗೆಮನೆ ಕಣ್ ಸಾ. ಬಿಸ್ಲೇ ಸೌದೆ. ನಮ್ ಪವಿತ್ರಂಗೆ ಇದೊಂದು ಎಂಗೆ ಮರ್ತೋಯ್ತದೋ ಕಾಣೆ.”

ಪವಿತ್ರ ತಲೆಯೆತ್ತಿ ನನ್ನ ಗುರುತು ಹಿಡಿದಳು. “ಸಾರ್, ಅವತ್ತು ಬಂದು ಬರ್ಕೊಂಡ್ ಹೋದೋರು ನೀವೇ ಅಲ್ವಾ? ನಮ್ ಬೀದೀಲಿ ರೇಡಿಯೋ ಯಾರೂ ಕೇಳಲ್ಲ ಅಂತ ಟಿವೀಲಿ ಹೇಳುದ್ರಲ್ಲ, ಯಾರ್ ಸಾರ್ ಹಂಗ್ ಹೇಳಿದ್ದು ಅವ್ರಿಗೆ?”

ಅಧ್ಯಕ್ಷರೇ, ಅರವತ್ಮೂರು ವರ್ಷದಲ್ಲಿ ಅಷ್ಟು ಸಣ್ಣವನಾದ ನೆನಪು ನನಗಿಲ್ಲ.

ಪಾಪ ಕಳೆದುಕೊಳ್ಳೋಣವೆಂದು ಮರುದಿನ ನನ್ನ ಫೋನಿಗೆ ತಮ್ಮ ಆ್ಯಪ್ ಹಾಕಿಸಿಕೊಂಡು ಹೋಗಿ ಜಗಲಿಯ ಮೇಲಿಟ್ಟೆ. ಅದು ಮೊದಲು ನನ್ನ ಹೆಸರು ಕೇಳಿತು, ನಂಬರ್ ಕೇಳಿತು, ಓಟಿಪಿ ಕೇಳಿತು, ನಾನಿರುವ ಜಾಗ ಕೇಳಿತು. ಇಷ್ಟು ವಿಚಾರಣೆ ನಮ್ಮ ಮದುವೆಯಲ್ಲಿ ಹೆಣ್ಣಿನ ಕಡೆಯವರೂ ಮಾಡಿರಲಿಲ್ಲ. ಆಮೇಲೆ ಒಂದು ಪ್ರೆಶರ್ ಕುಕ್ಕರಿನ ಜಾಹೀರಾತು, ಆಮೇಲೆ ಪಾಠ. ಇಪ್ಪತ್ತು ನಿಮಿಷ ಆಗಿರಬಹುದು, ಮೇಷ್ಟ್ರು ಕನ್ನಡಿಯ ಮೇಲೆ ಬಿದ್ದ ಬೆಳಕು ಎತ್ತ ಹೋಗುತ್ತದೆ ಎಂದು ಹೇಳುವಷ್ಟರಲ್ಲಿ ದನಿ ಗಪ್ಪನೆ ನಿಂತಿತು. ಪರದೆಯ ಮೇಲೆ ತಮ್ಮ ಪ್ರಶ್ನೆ ಮೂಡಿತ್ತು: ‘ನೀವು ಇನ್ನೂ ಕೇಳುತ್ತಿದ್ದೀರಾ?’ ಪವಿತ್ರ ಕಪ್ಪು ಬೆರಳಿಂದ ಮುಟ್ಟಿದಳು. ಫೋನು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮುಟ್ಟಿದಳು, ಆಗಲೂ ಒಪ್ಪಲಿಲ್ಲ. ದೇವಿರಮ್ಮ ತಮ್ಮ ಎಂದಿನ ಮೊಣಕೈ ಪ್ರಯೋಗಿಸಿದರು, ಆ್ಯಪ್ ಮುಚ್ಚಿಕೊಂಡು ನನ್ನ ಮೊಮ್ಮಗಳು ಲಹರಿಯ ಫೋಟೋ ತೆರೆದುಕೊಂಡಿತು. ಪವಿತ್ರ ಎದ್ದು ಕೈ ತೊಳೆದು ಬರುವಷ್ಟರಲ್ಲಿ ಹಿಟ್ಟು ಒಣಗಿತ್ತು. ಹೀಗೆ ದಿನಕ್ಕೆ ಎಷ್ಟು ಸಲ ಏಳಬೇಕು ಎಂಬುದನ್ನು ತಮ್ಮ ತಜ್ಞರು ಲೆಕ್ಕ ಹಾಕಿದ್ದಾರೆಯೇ?

ಅಲ್ಲಿಂದ ನೇರವಾಗಿ ತಮ್ಮ ಕಚೇರಿಗೆ ಬಂದೆ. ಮೂರು ದಿನ ಅಲೆಸಿ ನಾಲ್ಕನೇ ದಿನ ಒಳಗೆ ಬಿಟ್ಟಿರಿ. ನಾನು ಹೇಳಿದ್ದನ್ನು ತಾವು ಗಡಿಯಾರ ನೋಡುತ್ತಲೇ ಕೇಳಿ, ಕಡತ ತರಿಸಿ, ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ, “ಇದು ಯಾರ ರುಜು?” ಎಂದಿರಿ. ನನ್ನದೇ ಆಗಿತ್ತು, ದುಂಡಗೆ, ಅಂದವಾಗಿ. “ದತ್ತಾಂಶ ಅಂತಿಮ. ಅಸಮಾಧಾನವಿದ್ದರೆ ಆ್ಯಪ್‌ನಲ್ಲೇ ನಮೂದಿಸಿ” ಎಂದಿರಿ. ಆ್ಯಪ್ ಬೇಡವೆಂಬ ದೂರನ್ನು ಆ್ಯಪ್‌ಗೇ ಕೊಡಬೇಕೆಂಬ ಏರ್ಪಾಡು ಮಾಡಿದ ಮಹಾನುಭಾವರು ಯಾರೋ, ಅವರಿಗೂ ಒಂದು ಪೇಟ ತೊಡಿಸಿ.

ನನ್ನನ್ನು ಹಳೇ ಕಾಲದ ಗೊಡ್ಡು ಎಂದು ತಳ್ಳಿಹಾಕಬೇಡಿ. ಕರೆಂಟು ಬಿಲ್ಲನ್ನೂ ನಾನು ಫೋನಿನಲ್ಲೇ ಕಟ್ಟುತ್ತೇನೆ. ಆ್ಯಪ್ ಬೇಡವೆಂದವರು ಯಾರು? ಬಿಡುವಾದ ಕೈಯುಳ್ಳವರು, ಊರು ಬಿಟ್ಟು ದೂರ ಇರುವವರು ಅದರಲ್ಲಿ ಸುಖವಾಗಿ ಕೇಳಲಿ. ಆದರೆ ರೈಲು ಬಂತೆಂದು ಊರಿನ ರಸ್ತೆಗಳನ್ನು ಅಗೆದುಹಾಕಿದವರನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಡಿಜಿಟಲ್ ಯುಗದಲ್ಲಿ ರೇಡಿಯೋದ ಭವಿಷ್ಯದ ಬಗ್ಗೆ ಬಿಡುಗಡೆ ಸಮಾರಂಭದಲ್ಲಿ ತಾವು ನಲವತ್ತು ನಿಮಿಷ ಮಾತಾಡಿದಿರಿ. ರೇಡಿಯೋ ಯಾರನ್ನೂ ‘ನೀನು ಯಾರು’ ಎಂದು ಕೇಳುವುದಿಲ್ಲ, ಅದೇ ಅದರ ದೊಡ್ಡ ಗುಣ. ಅದೇ ಈಗ ಅದರ ಕುತ್ತಿಗೆಗೆ ಬಂದಿದೆ. ಹೆಸರು, ನಂಬರು ಕೊಡದೆ ಕೇಳುವವರು ತಮ್ಮ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ, ಕಾಣದವರು ತಮ್ಮ ಪಾಲಿಗೆ ಇಲ್ಲವೇ ಇಲ್ಲ.

ಹೋದ ಗುರುವಾರ ನಾನು ಆ ಬೀದಿಯ ಸಮೀಕ್ಷೆಯನ್ನು ಮತ್ತೊಮ್ಮೆ ಮಾಡಿದೆ. ಈ ಸಲ ನಮೂನೆ ಒಯ್ಯಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಪಾಠದ ನಡುವೆ ದೇವಿರಮ್ಮನವರ ಜಗಲಿ ಹತ್ತಿ, ಅವರು ಬಾಯಿ ತೆರೆಯುವ ಮುನ್ನ ರೇಡಿಯೋ ಆರಿಸಿಬಿಟ್ಟೆ.

ಮರುಗಳಿಗೆಯೇ ಎದುರು ಮನೆಯಿಂದ, “ಯಾರ್ರೀ ಅದು ಆರ್ಸಿದ್ದು?” ಮೂರನೇ ಮನೆಯಿಂದ, “ದೇವಿರಕ್ಕಾ, ಕರೆಂಟ್ ಹೋಯ್ತಾ?” ತುದಿಯ ಮನೆಯಿಂದ, “ಪವಿತ್ರನ್ ಪಾಠ ಕಣ್ರಪ್ಪೋ, ಹಾಕ್ರೀ!” ಒಂದೊಂದೇ ಬಾಗಿಲಲ್ಲಿ ಕಪ್ಪು ಕೈಗಳನ್ನು ಮೈಗೆ ತಾಗದಂತೆ ಎತ್ತಿ ಹಿಡಿದುಕೊಂಡು ಹೆಂಗಸರು ನಿಂತರು. ನಾನು ಎಣಿಸಿದೆ. ಹನ್ನೆರಡು ಬಾಗಿಲು, ಹತ್ತೊಂಬತ್ತು ಜನ. ಕೈ ಮುಗಿದು ರೇಡಿಯೋ ಹಾಕಿದೆ. ಪವಿತ್ರ ಒಂದೇ ಮಾತು ಹೇಳಿದಳು: “ಇದನ್ನ ಬರ್ಕೊಳಿ ಸಾರ್.”

ಬರೆದುಕೊಂಡಿದ್ದೇನೆ. ಅಂದು ನಾನು ಅಡ್ಡಗೆರೆ ಎಳೆದ ಷರಾ ಅಂಕಣವನ್ನು ಈ ಪತ್ರದಿಂದ ತುಂಬಿದ್ದೇನೆ ಎಂದು ತಿಳಿಯಿರಿ. ನನ್ನ ಹನ್ನೆರಡು ‘ಇಲ್ಲ’ಗಳನ್ನು ಕಡತದಿಂದ ತೆಗೆದು ನನಗೆ ವಾಪಸು ಕೊಡಿ, ಅವು ನಾನು ಬರೆದ ಸುಳ್ಳುಗಳು. ಅವುಗಳ ಮೇಲೆ ಕಟ್ಟಿದ ಆದೇಶವನ್ನೂ ರದ್ದು ಮಾಡಿ. ಇಲ್ಲ, ನಿಲ್ಲಿಸಿಯೇ ತೀರುತ್ತೇವೆ ಎನ್ನುವುದಾದರೆ ಕಚೇರಿಯಲ್ಲಿ ಕೂತು ನಿಲ್ಲಿಸಬೇಡಿ. ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಎರಡೂವರೆಗೆ ಖುದ್ದಾಗಿ ಕುಂಬಾರಕೊಪ್ಪಲಿಗೆ ಬನ್ನಿ. ದೇವಿರಮ್ಮನವರ ಜಗಲಿ ಹತ್ತಿ, ಆ ಗುಂಡಿಯನ್ನು ತಮ್ಮ ಕೈಯಾರೆ ತಿರುಗಿಸಿ, ಬಾಗಿಲುಗಳಲ್ಲಿ ಬಂದು ನಿಲ್ಲುವವರಿಗೆ ಆರಿಸಿದ್ದು ಯಾರೆಂದು ತಾವೇ ಹೇಳಿ.

ಇಂತಿ,

ರೇಡಿಯೋದ ಸದ್ದು ಕಡಿಮೆ ಮಾಡಿಸಿ ‘ರೇಡಿಯೋ ಇಲ್ಲ’ ಎಂದು ಬರೆದುಕೊಂಡವನು,
ಸುಂದರೇಶ
ವಿದ್ಯಾರಣ್ಯಪುರಂ, ಮೈಸೂರು