ಕೊನೆಯ ಬಸ್ಸಿಗೆ ಎದ್ದುಹೋದವರು

ಅಂಗಡಿಯ ಹಿಂದಿನ ಕೋಣೆ,
ಬುಧವಾರ, ಮಾರ್ಚ್ ೧೪

ನನ್ನ ಮನೆಯಾಕೆಗೆ,

ಹೇಗಿದ್ದೀಯ? ಲಕ್ವ ಹೊಡೆದ ಆ ಎಡಗೈ ಈಗ ಲೋಟ ಹಿಡಿಯುತ್ತದೆಯೋ, ಇಲ್ಲ ನರ್ಸಮ್ಮನನ್ನು ಕಂಡ ಕೂಡಲೇ ಮುಷ್ಕರ ಹೂಡುತ್ತದೆಯೋ? ನಿದ್ದೆ ಬರುತ್ತಿದೆಯೇ? ನಿಮ್ಮ ಆಸ್ಪತ್ರೆಯ ಹಾಸಿಗೆಯನ್ನು ಮೊದಲ ದಿನವೇ ಒತ್ತಿ ನೋಡಿದ್ದೇನೆ. ಅಂಥದ್ದನ್ನು ನನ್ನ ಅಂಗಡಿಯ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಬಲಕ್ಕೆ ಹೊರಳಿ ಮಲಗು, ಆ ಕಡೆ ಹತ್ತಿಗೆ ಇನ್ನೂ ಸ್ವಲ್ಪ ಜೀವವಿದೆ. ಕಾಗದ ಕಂಡು ಗಾಬರಿಯಾಗಬೇಡ. ಬಾಯಿ ಇರುವಾಗ ಕೈಗೇಕೆ ಕೆಲಸ ಎಂದುಕೊಂಡ ನಾನು ಮದುವೆಯಾದಾಗಿನಿಂದ ನಿನಗೊಂದು ಸಾಲು ಬರೆದವನಲ್ಲ. ಈಗ ಬರೆದರೆ ಅನುಮಾನ ಬಂದೇ ಬರುತ್ತದೆ. ಬರಲಿ. ಬೆಲೆಯನ್ನು ಕೊನೆಗೆ ಹೇಳುವುದು ನನ್ನ ಕಸುಬಿನ ಚಾಳಿ, ನಿನಗೆ ಗೊತ್ತಿದ್ದದ್ದೇ.

ನಿನ್ನೆ ನಗರಸಭೆಯಲ್ಲಿ ನಮ್ಮ ಬಸ್ಸಿನ ವಿಚಾರವಿತ್ತು. ಗುಡ್ಡ ಹತ್ತಿ ನಿಮ್ಮ ಆಸ್ಪತ್ರೆಯವರೆಗೆ ಬರುವ ಅದೇ ನೀಲಿ ಬಸ್ಸು. ಟಿಕೆಟಿನ ದುಡ್ಡು ಡೀಸೆಲ್ಲಿಗೂ ಸಾಲದು. ಉಳಿದದ್ದನ್ನು ನಗರಸಭೆ ಕೊಟ್ಟರೆ ಓಡುತ್ತದೆ, ಕೊಡದಿದ್ದರೆ ನಿಲ್ಲುತ್ತದೆ. ಅವರ ಲೆಕ್ಕ ಸುಳ್ಳೆಂದು ನಾನು ಹೇಳಲಾರೆ. ನಾನೂ ವ್ಯಾಪಾರಿ, ನಷ್ಟವನ್ನು ಬೆನ್ನು ನೋಡಿಯೇ ಗುರುತು ಹಿಡಿಯುತ್ತೇನೆ. ಆದರೆ ಆ ಬಸ್ಸಿಲ್ಲದೆ ಗುರುವಾರ, ಭಾನುವಾರ ನಾನು ನಿನ್ನ ಹತ್ತಿರ ಬರುವುದು ಹೇಗೆ? ಕಣ್ಣು ಮಂಜಾಗಿ ಸ್ಕೂಟರು ಮಾರಿದ್ದಾಯಿತು. ಗುಡ್ಡ ಎಂದ ಕೂಡಲೇ ಟ್ಯಾಕ್ಸಿಯವನು ನನ್ನನ್ನು ಪಿತ್ರಾರ್ಜಿತ ಆಸ್ತಿಯ ಹಾಗೆ ನೋಡುತ್ತಾನೆ. ಡಾಕ್ಟರು ಎಷ್ಟು ಗೋಗರೆದರೂ ಏಳದವಳು, ತಿರುವಿನಲ್ಲಿ ನೀಲಿ ಬಣ್ಣ ಕಂಡರೆ ಮಾತ್ರ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತೀಯಂತೆ. ನರ್ಸಮ್ಮ ಹೇಳಿದರು. ನಿನಗೆ ಗೊತ್ತಾಗಬಾರದು ಎಂದೂ ಹೇಳಿದ್ದರು, ಇರಲಿ.

ಆ ಬಸ್ಸಿನಲ್ಲಿ ಓಡಾಡುವವರೆಲ್ಲ ಸೇರಿ ಸಭೆಗೆ ಹೋಗುವುದೆಂದು ಮಾತಾಯಿತು. ನಿನ್ನ ವಾರ್ಡಿನ ಬಟ್ಟೆ ಒಗೆಯುವ ಲಾಂಡ್ರಿ ಅಕ್ಕ, "ಬಸ್ಸಿಗೋಸ್ಕರ ಹೋಗ್ತಾ ಬೇರೆ ಗಾಡೀಲಿ ಹೋದ್ರೆ ಏನು ಮರ್ಯಾದೆ? ನಮ್ಮ ಬಸ್ಸಲ್ಲೇ ಹೋಗೋಣ" ಎಂದಳು. ಎಲ್ಲರಿಗೂ ಹಿಡಿಸಿತು. ನನಗೂ ಹಿಡಿಸಿತು, ಅದೇ ಸೋಜಿಗ. ಬಸ್ಸು ಬಾಗಿಲವರೆಗೆ ತುಂಬಿತು. "ಇಷ್ಟು ಜನ ದಿನಾ ಹತ್ತಿದ್ರೆ ಈ ಸಭೇನೇ ಬೇಕಾಗಿರ್ಲಿಲ್ಲ" ಎಂದ ಡ್ರೈವರ್ ಗಡ್ಡದಣ್ಣ. ಮಾತಾಡುವ ಕೆಲಸ ನನ್ನ ಹೆಗಲಿಗೆ ಬಿತ್ತು. "ಟೈಮ್ ಕೇಳೋಕೆ ಬಂದೋನಿಗೂ ದಿಂಬು ಮಾರಿದೋರು ನೀವು, ಹಾಸಿಗೆ ಸಾಹುಕಾರ್ರೇ. ಇವರಿಗೊಂದು ಬಸ್ಸು ಮಾರೋದೇನು ಮಹಾ" ಎಂದರು. ನಾನೂ ಉಬ್ಬಿದೆ.

ನಮ್ಮ ವಿಷಯವನ್ನು ತೀರಾ ಕೊನೆಗೆ ಇಟ್ಟಿದ್ದರು. ಅದಕ್ಕೆ ಮೊದಲು ಕಾರಂಜಿಯ ದೀಪ ಹಸಿರಿರಬೇಕೋ ಕೆಂಪಿರಬೇಕೋ ಎಂಬುದು ತೀರ್ಮಾನವಾಗಬೇಕಿತ್ತು. ಹಸಿರಿನವರು ಮಾತಾಡಿದರು, ಕೆಂಪಿನವರು ಮಾತಾಡಿದರು, ಎರಡೂ ಇರಲಿ ಎನ್ನುವವರು ಎಲ್ಲರಿಗಿಂತ ಹೆಚ್ಚು ಮಾತಾಡಿದರು. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಆಗ ಗಡ್ಡದಣ್ಣ ಬಾಗಿಲಲ್ಲಿ ಬಂದು ನಿಂತ. ಅವನು ಯಾಕೆ ಬಂದನೆಂದು ನಮಗೆಲ್ಲ ಒಟ್ಟಿಗೇ ಹೊಳೆಯಿತು. ಕತ್ತಲಿಗೆ ಮುಂಚೆ ಹೊರಡುವ ಕೊನೆಯ ಬಸ್ಸು ಅವನದೇ. ಅದು ತಪ್ಪಿದರೆ ಇವರು ಮನೆ ಸೇರುವ ದಾರಿಯಿಲ್ಲ. "ಇನ್ನು ತಡ ಮಾಡಿದ್ರೆ ನನ್ನ ಮೇಲೇ ರಿಪೋರ್ಟ್ ಬರೀತಾರೆ ಅಣ್ಣಾ" ಎಂದ ಪಿಸುದನಿಯಲ್ಲಿ. ಒಬ್ಬೊಬ್ಬರೇ ಎದ್ದರು. ಲಾಂಡ್ರಿ ಅಕ್ಕ ಕೊನೆಯವಳು. "ನನ್ನ ಚೀಲ ಕುರ್ಚಿ ಮೇಲೆ ಬಿಟ್ಟು ಹೋಗ್ಲಾ, ಯಾರೋ ಇದ್ದಾರೆ ಅನ್ಸುತ್ತೆ" ಎಂದಳು. ಬಿಟ್ಟೇ ಹೋದಳು. ಹೊರಗೆ ಬಸ್ಸು ಕೆಮ್ಮಿ ಹೊರಟದ್ದು ಒಳಗೆ ಕೇಳಿಸಿತು.

ಆಮೇಲೆ ನಮ್ಮ ಸರದಿ. ಅಧ್ಯಕ್ಷರು ಕನ್ನಡಕ ತೆಗೆದು ಖಾಲಿ ಸಾಲುಗಳನ್ನು ನೋಡಿ, "ಬಸ್ ಬೇಕು ಅನ್ನೋರು ಎಲ್ರಿ?" ಎಂದರು. "ಬಸ್ಸಿಗೆ ಹೋದ್ರು ಸ್ವಾಮಿ" ಎಂದೆ. ಇಡೀ ಸಭೆ ನಕ್ಕಿತು. ಅಂಗಡಿಯಲ್ಲಿ ಗಿರಾಕಿ ನಕ್ಕರೆ ಅರ್ಧ ವ್ಯಾಪಾರ ಕುದುರಿದಂತೆ. ಅಂಗಡಿಯ ಆಚೆ ಬೇರೆ ಥರದ ನಗುವೂ ಇದೆ. ನಾನು ಮಾತಾಡಿದೆ. ಆಸ್ಪತ್ರೆ, ಮುದುಕರು, ಕೆಲಸದವರು, ಎಲ್ಲ ಹೇಳಿದೆ. ಕೊನೆಗೆ ಕಿಟಕಿಯ ಹತ್ತಿರ ಒಬ್ಬಳು ಕೂತಿರುತ್ತಾಳೆ ಎಂದು ಶುರು ಮಾಡಿದೆ, ಮುಗಿಸಲಾಗಲಿಲ್ಲ. ಹೋದ ವರ್ಷ ನಮ್ಮಲ್ಲೇ ಜೋಡಿ ಹಾಸಿಗೆ ಕೊಂಡ ಸದಸ್ಯರೊಬ್ಬರು ಅಷ್ಟು ಹೊತ್ತೂ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತಿದ್ದರು. ಮತಕ್ಕೆ ಹಾಕಿದಾಗ ಎಲ್ಲರೂ ಕೈ ಎತ್ತಿದರು, ಇಳಿಸಿದರು, ಎದ್ದರು. ನಾನು ಲಾಂಡ್ರಿ ಅಕ್ಕನ ಚೀಲ ಎತ್ತಿಕೊಂಡು ನಡೆದೇ ಮನೆಗೆ ಬಂದೆ. ಚೀಲದಲ್ಲಿ ಅವಳ ಊಟದ ಡಬ್ಬಿ ಇತ್ತು, ತೆರೆದಿರಲೇ ಇಲ್ಲ.

ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಗಂಜಿ ಚೆಲ್ಲಿದರೆ ಚೆಲ್ಲಲಿ, ಎಡಗೈಯಲ್ಲೇ ಕುಡಿ. ನಿನ್ನ ಬೆರಳುಗಳಿಗೆ ನನ್ನ ಆಶೀರ್ವಾದ, ನಿನಗೆ ನನ್ನಲ್ಲಿ ಉಳಿದಿರುವುದೆಲ್ಲ.

ಇತಿ ನಿನ್ನ
ಬಾಯಿಬಡುಕ

ಮರೆತಿದ್ದೆ: ಈ ತಿಂಗಳು ಮುಗಿದರೆ ಬಸ್ಸಿಲ್ಲ. ಟ್ಯಾಕ್ಸಿಯ ದುಡ್ಡು ತಿಂಗಳಿಗೊಂದು ಸಲಕ್ಕೆ ಗಿಟ್ಟುತ್ತದೆ, ಹೇಗೆ ಕೂಡಿದರೂ ಅಷ್ಟೇ. ಇನ್ನೊಂದು ಮಾತು. ನಗರಸಭೆಯ ಕಸದ ಲಾರಿಗೂ ಅದೇ ನೀಲಿ ಬಣ್ಣ. ಅದೇ ತಿರುವಿನಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದಂತೆ. ಮುಂದಿನ ತಿಂಗಳಿಂದ ಗುರುವಾರ ಕಿಟಕಿಯಲ್ಲಿ ನೀಲಿ ಕಂಡಿತೆಂದು ಅವಸರದಲ್ಲಿ ಏಳಬೇಡ, ಬಿದ್ದೀಯ.