ಹುಲಿ, ಹಿಂದ ಸರಿ

ಶಿರವಾಳ
೨೭-೮-೨೦೨೩, ರವಿವಾರ

ಶ್ರೀ ಪರಮಣ್ಣ ಅವರಿಗೆ, ನಿಮ್ಮ ಹೆಂಡತಿ ಮೋನಮ್ಮನ ನಮಸ್ಕಾರ.

ಗಂಡನ ಹೆಸರನ್ನು ಕಾಗದದ ಮೇಲೆ ಬರೆದಳಲ್ಲ ಎಂದು ಇಷ್ಟಕ್ಕೇ ನಿಮ್ಮ ಮುಖ ಕೆಂಪಾಗಿರುತ್ತದೆ. ಆಗಲಿ. ನಾನಿಲ್ಲಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗುತ್ತದೆ, ನಿದ್ದೆಯೂ ಬರುತ್ತದೆ, ಸಿಟ್ಟು ಮಾತ್ರ ಇಳಿದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಹೋದ ಸಲ ನೀವು ಸ್ಪೀಕರ್ ಹಾಕಿ ನನ್ನ ಮಾತನ್ನು ಮನೆಮಂದಿಗೆಲ್ಲ ಕೇಳಿಸಿದಿರಿ. ಅದಕ್ಕೇ ಈ ಕಾಗದ.

ನಿನ್ನೆ ನಿಮ್ಮ ಅಮರಪ್ಪ ಕಾಕಾ ಬಂದಿದ್ದರು. ನೀವೇ ಕಳಿಸಿದ್ದು ಎಂದು ಮೊದಲು ಹೇಳಲಿಲ್ಲ. ಚಹಾ ಕುಡಿದು, ಗದ್ದೆಗೆ ನೀರು ಬಂತೇ ಎಂದು ಅಪ್ಪನನ್ನು ವಿಚಾರಿಸಿ, ಆಮೇಲೆ ನನ್ನ ಕಡೆ ತಿರುಗಿದರು. "ಯವ್ವಾ, ಒಂದು ಫೋನ್ ಆಟದ ಸಲುವಾಗಿ ಗಂಡನ ಮನಿ ಬಿಟ್ಟು ಬಂದಾಳ ಅಂತ ಮಂದಿ ನಗಾಕತ್ಯಾರ. ಅಂಥಾದ್ದೇನದ ಆ ಆಟದಾಗ? ಛಲೋ ಏನು, ಕೆಟ್ಟ ಏನು, ನೀನರ ಹೇಳು" ಎಂದರು. ಗುರುವಾರ ಶಹಾಪುರದಲ್ಲಿ ಹಿರಿಯರು ಕೂಡುತ್ತಾರಂತೆ. ಆಟ ಬಿಡುತ್ತೇನೆ ಎಂದು ನಾನು ಒಪ್ಪಿದರೆ ಅಂದೇ ಸುರಪುರದ ಬಸ್ಸು ಹತ್ತಬೇಕು. ಒಪ್ಪದಿದ್ದರೆ ಸಂಬಂಧ ಹರಿದಂತೆ. ಅಪ್ಪನ ಎದುರು ಆ ಮಾತು ಬೇಡವೆಂದು ನಾನು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ. ಕಾಕಾನಿಗೆ ಕೊಡಬೇಕಾದ ಜವಾಬನ್ನು ನಿಮಗೆ ಬರೆಯುತ್ತಿದ್ದೇನೆ, ಆ ಆಟ ಕಲಿಸಿದವರು ನೀವೇ ಅಲ್ಲವೇ? ನೀವೇ ಅವರಿಗೆ ಓದಿ ಹೇಳಿ.

ಮೊದಲು ಕೆಟ್ಟದ್ದನ್ನೇ ಬರೆಯುತ್ತೇನೆ, ನಿಮಗೂ ಖುಷಿಯಾಗಲಿ. ಅದು ಹೊತ್ತು ತಿನ್ನುತ್ತದೆ. ಆಟದ ಗೊಂಬೆಯ ಒಂದು ಮೇಲಂಗಿಗಾಗಿ ಅದೇ ಗುಡ್ಡದಲ್ಲಿ ಅದೇ ಕಾಡುಹಂದಿಯನ್ನು ಹೊಡೆದದ್ದೇ ಹೊಡೆದದ್ದು. ಅಷ್ಟು ಹೊತ್ತು ಹತ್ತಿ ಬಿಡಿಸಲು ಹೋಗಿದ್ದರೆ ಉಡುವ ಸೀರೆಯೇ ಬರುತ್ತಿತ್ತು. ದುಡ್ಡು ಸುರಿದವನಿಗೆ ಒಂದೇ ದಿನಕ್ಕೆ ಉರಿಯುವ ಕತ್ತಿ ಸಿಗುತ್ತದೆ, ನಮ್ಮಂಥವರು ತಿಂಗಳುಗಟ್ಟಲೆ ಬೆವರು ಸುರಿಸಬೇಕು. ಹೆಣ್ಣಿನ ದನಿ ಕೇಳಿದರೆ ಸಾಕು, ಎಲ್ಲಿಯವನೋ ಹಲ್ಲು ಕಿಸಿಯುತ್ತ ಬರುತ್ತಾನೆ. ಮುಗಿಯುವುದು ಎಂಬುದೇ ಅದಕ್ಕಿಲ್ಲ, ಒಬ್ಬ ರಾಕ್ಷಸ ಸತ್ತರೆ ಅವನಪ್ಪ ಎದ್ದು ಬರುತ್ತಾನೆ. ಒಲೆಯ ಮೇಲೆ ಬೇಳೆ ಸೀದದ್ದು ನಿಜ. ಅತ್ತೆಯ ಬಿಪಿ ಗುಳಿಗೆ ಒಮ್ಮೆ ಮರೆತದ್ದೂ ನಿಜ, ಅದಕ್ಕೆ ಅವರ ಕಾಲು ಹಿಡಿದಿದ್ದೇನೆ. ಅವರು ಅದನ್ನು ಅಂದೇ ಮರೆತರು, ನೀವು ಮಾತ್ರ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಿರಿ.

ಇನ್ನು ಒಳ್ಳೆಯದು. ನಿಶ್ಚಯವಾದ ಮೇಲೆ ಲಗ್ನದ ತನಕ ನಾವು ಒಬ್ಬರನ್ನೊಬ್ಬರು ನೋಡುವ ಹಾಗಿರಲಿಲ್ಲ. ಫೋನಿನಲ್ಲಿ ಮಾತಾಡಿದರೂ ನಮ್ಮ ಅಜ್ಜಿ ಮಗ್ಗುಲಲ್ಲೇ ಕೂತು ಕಿವಿ ನೆಟ್ಟಗೆ ಮಾಡುತ್ತಿದ್ದಳು. ಆಗ ನೀವು ಆ ಆಟ ಕಳಿಸಿದಿರಿ. ಹುಡುಗಿ ಫೋನಿನಲ್ಲಿ ಗೊಂಬೆ ಕುಣಿಸುತ್ತಿದ್ದಾಳೆ ಎಂದು ಅಜ್ಜಿ ಸುಮ್ಮನಾದಳು. ಆ ಗೊಂಬೆ ಕಲ್ಲಿನ ಸೇತುವೆಯ ಮೇಲೆ ನಿಮ್ಮ ಪಕ್ಕದಲ್ಲಿ ನಿಂತಿರುತ್ತಿತ್ತು. ನೀವು 'ಸುರಪುರ ಹುಲಿ', ಕಬ್ಬಿಣದ ಅಂಗಿ ತೊಟ್ಟು ಎಲ್ಲರ ಮುಂದೆ ನಿಂತು ಪೆಟ್ಟು ತಿನ್ನುವವರು. ನಾನು 'ಬೆಳ್ಳಕ್ಕಿ', ಎಲ್ಲರ ಹಿಂದೆ ನಿಂತು ಗಾಯ ಮಾಯಿಸುವವಳು. ನನಗೆ ನೆಟ್ಟಗೆ ನಡೆಯಲೂ ಬರುತ್ತಿರಲಿಲ್ಲ, ಸೇತುವೆಯಿಂದ ಕೆಳಗೆ ಬೀಳುತ್ತಿದ್ದೆ. ನೀವು ಇಳಿದು ಬಂದು ಕರೆದೊಯ್ಯುತ್ತಿದ್ದಿರಿ. ಒಂದು ದಿನ ಕೈತಪ್ಪಿ ಏನೋ ಒತ್ತಿ ಎಲ್ಲವನ್ನೂ ಕಳೆದುಕೊಂಡು ಅತ್ತಾಗಲೂ ಬೈಯಲಿಲ್ಲ, ಸಮಾಧಾನವಾಗಿ ಸರಿಮಾಡಿಸಿದಿರಿ. ನನ್ನ ಗಂಡ ಇಂಥವನು ಎಂದು ನಾನು ತಿಳಿದದ್ದು ಆ ಸೇತುವೆಯ ಮೇಲೆ. ನಿಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಆ ಮನುಷ್ಯ ನನಗೆ ಅಪರೂಪವಾದ.

ನೆನಪಿದೆಯೇ, ಮೊದಮೊದಲು ನಾನು "ಹುಲಿಯವರ, ಸ್ವಲ್ಪ ಹಿಂದಕ್ಕ ಬರ್ತೀರೇನ್ರಿ" ಎನ್ನುತ್ತಿದ್ದೆ. ನನ್ನ ಮಾತು ಮುಗಿಯುವುದರೊಳಗೆ ನೀವು ಸತ್ತು ಬಿದ್ದಿರುತ್ತಿದ್ದಿರಿ. ಆಗ ನೀವೇ ನಕ್ಕು ಹೇಳಿಕೊಟ್ಟಿರಿ: "ಇಲ್ಲಿ ರಿ ಹಚ್ಕೋತ ಕುಂತ್ರ ಎಲ್ಲಾರೂ ಸಾಯ್ತೀವಿ. ಹುಲಿ, ಹಿಂದ ಸರಿ ಅನ್ನು. ಅಷ್ಟ." ಅವತ್ತಿನಿಂದ ಹಾಗೇ ಅಂದೆ. ಎರಡು ವರ್ಷ ನಿಮಗೆ ಅದು ಚುಚ್ಚಲಿಲ್ಲ.

ಆಮೇಲೆ ಆಟದಲ್ಲಿ ನಮ್ಮದೊಂದು ಗುಂಪಾಯಿತು. ಯಾದಗಿರಿಯಲ್ಲಿ ಬಟ್ಟೆ ಹೊಲಿಯುವ ಅಮೀನುದ್ದೀನ ಭಾಯಿ, ರಾಮಸಮುದ್ರದ ಒಬ್ಬ ಟೀಚರ್, ಇನ್ನೂ ಎಲ್ಲೆಲ್ಲಿಯವರೋ. ಯಾವ ಓಣಿಯವಳು, ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಗೆದ್ದ ಮಾಲು ಹಂಚುವಾಗ ಮಾತ್ರ ದಿನಾ ಜಗಳ. ಮುಂದೆ ನಿಂತು ಹೊಡೆದವರು ಬಾಚಿಕೊಳ್ಳುತ್ತಿದ್ದರು, ಹಿಂದಿದ್ದವರಿಗೆ ಚೂರುಪಾರು. ನಮ್ಮ ಅಪ್ಪನ ಗದ್ದೆ ಇರುವುದು ಕಾಲುವೆಯ ಕಟ್ಟಕಡೆಗೆ. ಮೇಲಿನವರು ತಮ್ಮ ಹೊಲ ತುಂಬಿಸಿಕೊಂಡು ಬಿಟ್ಟರೆ ನೀರು, ಇಲ್ಲದಿದ್ದರೆ ನೆಲ ಬಿರಿಯುವುದನ್ನು ನೋಡುತ್ತ ಕೂರಬೇಕು. ಕಾಲುವೆ ಗೇಟು ಎತ್ತಿ ಇಳಿಸುವ ಕೆಲಸದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ನಾನು ಒಂದು ಕಾಯ್ದೆ ಹೇಳಿದೆ: ಕೊನೆಯಲ್ಲಿ ನಿಂತವರಿಗೆ ಮೊದಲು. ಅವತ್ತಿನಿಂದ ಜಗಳ ನಿಂತಿತು, ಒಬ್ಬರೂ ಗುಂಪು ಬಿಟ್ಟು ಹೋಗಲಿಲ್ಲ. ಎಲ್ಲರೂ ಸೇರಿ ನನ್ನನ್ನೇ ಮುಖ್ಯಸ್ಥೆ ಮಾಡಿದರು. ನನ್ನ ಮಾತಿಗೆ ಇಷ್ಟು ಜನ ಕಿವಿಗೊಟ್ಟದ್ದು ನನ್ನ ಜನ್ಮದಲ್ಲಿ ಅಲ್ಲೊಂದೇ ಕಡೆ. ಆ ಆಟದಲ್ಲಿ ಏನಿದೆ ಎಂದರೆ ಇದಿದೆ. ಕಾಕಾನಿಗೆ ಈ ಭಾಗವನ್ನು ಎರಡು ಸಲ ಓದಿ ಹೇಳಿ.

ಹೋದ ತಿಂಗಳು ನಾನು ಮನೆ ಬಿಡುವ ಹಾಗಾದ ಆ ದಿನ ನಡೆದದ್ದನ್ನು ನೀವು ಅವರಿಗೆ ಪೂರ್ತಿ ಹೇಳಿಲ್ಲ, ನಾನು ಹೇಳುತ್ತೇನೆ. ನಿಮ್ಮ ಆಫೀಸಿನ ಇಬ್ಬರು ಮಧ್ಯಾಹ್ನ ಊಟಕ್ಕೆ ಬಂದಿದ್ದರು. ಉಂಡು ಕೈತೊಳೆದ ಮೇಲೆ ಅವರಿಗೆ ತೋರಿಸಲೆಂದೇ ನೀವು ಪಡಸಾಲೆಯಲ್ಲಿ ಆಟ ತೆರೆದಿರಿ, ನನ್ನನ್ನೂ ಕರೆದಿರಿ. ನಾನು ಅಡುಗೆಮನೆಯಲ್ಲೇ ಕೂತು ಸೇರಿಕೊಂಡೆ. ಬೆಂಕಿ ಉಗುಳುವ ಸರ್ಪ ಬಾಯಿ ತೆರೆದಾಗಲೂ ನೀವು ಮುಂದಕ್ಕೇ ಹೋಗುತ್ತಿದ್ದಿರಿ. "ಹುಲಿ, ಹಿಂದ ಸರಿ!" ಎಂದು ಕೂಗಿದೆ. ಆ ಕೂಗು ನಿಮ್ಮ ಫೋನಿನಿಂದಲೂ ಬಂತು, ಅಡುಗೆಮನೆಯಿಂದಲೂ ಬಂತು. ಬಂದವರು ಬಿದ್ದು ಬಿದ್ದು ನಕ್ಕರು. "ಏನ್ ಪರಮಣ್ಣ, ಮನಿ ಗೇಟ್ ಯಾರ ಕೈಯಾಗ ಅದಪಾ?" ಎಂದ ಅವರಲ್ಲೊಬ್ಬ. ನೀವು ಹಿಂದೆ ಸರಿದಿರಿ, ಬದುಕಿದಿರಿ, ನಾವು ಗೆದ್ದೆವು. ಸಿಕ್ಕ ಕತ್ತಿ ಕಾಯ್ದೆಯಂತೆ ಅವತ್ತು ಕೊನೆಯಲ್ಲಿ ನಿಂತಿದ್ದ ಅಮೀನುದ್ದೀನ ಭಾಯಿಗೆ ಹೋಯಿತು.

ಅವರು ಹೊರಟು ಹೋದ ಮೇಲೆ ನನ್ನ ಫೋನ್ ಕೇಳಿದಿರಿ. ಯಾಕೆ ಎಂದು ಕೇಳದೆ ಕೊಟ್ಟೆ. ನನ್ನ ಕಣ್ಣೆದುರೇ ಬೆಳ್ಳಕ್ಕಿಯನ್ನು ಅಳಿಸಿದಿರಿ. ನಿಜವಾಗಿಯೂ ಅಳಿಸಬೇಕೇ ಎಂದು ಆಟ ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದು ಒತ್ತಿದಿರಿ. ಫೋನನ್ನು ನನ್ನ ಕೈಗಿಟ್ಟು "ಈಗ ನೀ ಸರಿ ಹಿಂದ" ಎಂದಿರಿ.

ಹೆಂಡತಿಯ ಮೇಲೆ ಕೈ ಎತ್ತಿಲ್ಲ ಎಂದು ಊರೆಲ್ಲ ಹೇಳಿಕೊಳ್ಳುತ್ತಿದ್ದೀರಂತೆ. ಹೌದು, ಎತ್ತಿಲ್ಲ. ಎತ್ತಿದ್ದರೆ ಅಮರಪ್ಪ ಕಾಕಾನಿಗೆ ತೋರಿಸಲು ಒಂದು ಬಾಸುಂಡೆಯಾದರೂ ಇರುತ್ತಿತ್ತು. ಅದು ಬರೀ ಗೊಂಬೆ ಎನ್ನುತ್ತೀರಿ. ಬರೀ ಗೊಂಬೆಯ ಮೇಲೆ ಗಂಡಸಿಗೆ ಅಷ್ಟು ಸಿಟ್ಟು ಬರುತ್ತದೆಯೇ? ನನ್ನದು ಎನ್ನುವುದು ಆ ಮನೆಯಲ್ಲಿ ಅದೊಂದೇ ಇತ್ತು, ಅದನ್ನೇ ಹುಡುಕಿ ತೆಗೆದಿರಿ. ನಾನು ಚೀಲ ಹಿಡಿದು ಹೊರಟಾಗ ಅತ್ತೆ ಬಾಗಿಲ ತನಕ ಬಂದು "ಹೋಗಿರು ನೀ. ಅವ ಕರಿಯಾಕ ಬರ್ತಾನ" ಎಂದರು. ನೀವು ಬರಲಿಲ್ಲ.

ಗುರುವಾರ ನಾನು ಶಹಾಪುರಕ್ಕೆ ಬರುತ್ತೇನೆ. ಆಟ ಬಿಡುತ್ತೇನೆ ಎಂದು ಯಾರ ಎದುರಿಗೂ ಹೇಳುವುದಿಲ್ಲ. ಬೇಳೆ ಸೀಯದ ಹಾಗೆ, ಗುಳಿಗೆ ಮರೆಯದ ಹಾಗೆ ನೋಡಿಕೊಳ್ಳುತ್ತೇನೆ, ಅಷ್ಟು ಹೇಳುತ್ತೇನೆ. ನನ್ನದನ್ನು ಮುಟ್ಟುವುದಿಲ್ಲ ಎಂದು ನೀವು ಹಿರಿಯರ ಎದುರು ಹೇಳಬೇಕು. ಹೇಳಿದರೆ ಸುರಪುರದ ಬಸ್ಸು, ಇಲ್ಲದಿದ್ದರೆ ಶಿರವಾಳದ ಬಸ್ಸು. ಇದಕ್ಕೂ ಮೊದಲು ನೀವು ನನಗೆ ಇನ್ನೊಂದು ಮಾತು ಹೇಳಬೇಕಿತ್ತು. ಅದರ ಹೊತ್ತು ಮೀರಿತು.

ಇಂತಿ, ಇನ್ನೂ ಸಿಟ್ಟಿನಲ್ಲೇ ಇರುವ,
ತಾಯಪ್ಪನ ಮಗಳು
ಮೋನಮ್ಮ

ತಾ.ಕ.: ಬೆಳ್ಳಕ್ಕಿ ಸತ್ತಿಲ್ಲ. ಶಿರವಾಳಕ್ಕೆ ಬಂದ ಮರುದಿನವೇ ಎಬ್ಬಿಸಿದ್ದೇನೆ. ನಿಶ್ಚಯದ ದಿನಗಳಲ್ಲಿ ನಾನು ಕೈತಪ್ಪಿ ಅಳಿಸಿಕೊಂಡದ್ದೂ ಅವಳನ್ನೇ. ಅವತ್ತು ನೀವೇ ಅಂದಿದ್ದಿರಿ: "ಅಳಬ್ಯಾಡ. ಅಳಿಸಿದ್ರೂ ಒಂದು ತಿಂಗಳ ತನಕ ಎಲ್ಲಿಗೂ ಹೋಗಂಗಿಲ್ಲ, ಒಂದು ಗುಂಡಿ ಒತ್ತಿದ್ರ ತಿರುಗಿ ಬರ್ತಾಳ." ಅಂದರೆ ನಿಮಗೆ ಗೊತ್ತಿತ್ತು. ಆ ಮಾತನ್ನು ಇನ್ನೊಮ್ಮೆ ನಿಮ್ಮ ಬಾಯಿಂದ ಕೇಳಬೇಕೆಂದು ಒಂದು ತಿಂಗಳು ಯಾರಿಗೂ ಹೇಳದೆ ಕಾದೆ. ನೀವು ಕಾಕಾನ ಕೈಯಲ್ಲಿ "ಹೋದದ್ದು ಹೋಯ್ತು, ಮರತು ಬಾ" ಎಂದು ಹೇಳಿಕಳಿಸಿದಿರಿ. ಅವರು ನಮ್ಮಲ್ಲಿ ಚಹಾ ಕುಡಿದ ದಿನವೇ ಆ ತಿಂಗಳು ಮುಗಿಯಿತು. ನೀವು ಆಟದ ಕಡೆ ತಲೆಹಾಕುತ್ತಿಲ್ಲ ಎಂದು ಅಮೀನುದ್ದೀನ ಭಾಯಿ ಹೇಳಿದರು. ಒಂದೇ ಸಲ ಬಂದು ನೋಡಿದ್ದರೂ ಗುಂಪಿನ ಪಟ್ಟಿಯಲ್ಲಿ ಬೆಳ್ಳಕ್ಕಿಯ ಹೆಸರು ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು. ಇವತ್ತು ಮುಂಜಾನೆ ಹುಲಿಯನ್ನು ಗುಂಪಿನಿಂದ ತೆಗೆದೆ. ನಿಜವಾಗಿಯೂ ತೆಗೆಯಬೇಕೇ ಎಂದು ಆಟ ನನ್ನನ್ನೂ ಎರಡು ಸಲ ಕೇಳಿತು. ಮತ್ತೆ ಸೇರುವ ಮನಸ್ಸಿದ್ದರೆ ಆ ಸೇತುವೆಯ ಹತ್ತಿರ ಬಂದು ಎಲ್ಲರ ಹಿಂದೆ ನಿಲ್ಲಿ. ಕೊನೆಯಲ್ಲಿ ನಿಂತವರಿಗೆ ಮೊದಲು ಎನ್ನುವ ಕಾಯ್ದೆಯನ್ನು ನಾನು ಯಾರಿಗಾಗಿಯೂ ಮುರಿದಿಲ್ಲ.