ಸುಣ್ಣ ಬಳಿದ ಗೋಡೆ

ಹೊಳೆಮಣ್ಣೂರ, ತಾ. ರೋಣ
೧೨ ನವೆಂಬರ್ ೨೦೨೫

ಪ್ರೀತಿಯ ಅಬ್ಬಾ,

ನಿಮ್ಮ ಗುಲ್ಷನಳ ಸಲಾಂ. ಮಂಡಿನೋವು ಹೇಗಿದೆ? ಉಡುಪಿಯಲ್ಲಿ ಇನ್ನೂ ಮಳೆಯಂತೆ. ಬಣ್ಣ ಹಚ್ಚಲು ಆ ಎತ್ತರದ ಕಟ್ಟಡ ಹತ್ತುವಾಗ ಹಗ್ಗ ಕಟ್ಟಿಕೊಳ್ಳಿ, ಈ ವಯಸ್ಸಿನಲ್ಲಿ ಜಂಬ ಬೇಡ. ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ. ನಾಲ್ಕು ದಿನದಿಂದ ನಿಮ್ಮ ಫೋನ್ ಎತ್ತದಿರುವುದೂ ಅದಕ್ಕೇ.

ನಮ್ಮ ರವಿವಾರದ ವಿಜ್ಞಾನ ತರಗತಿ ನಿಲ್ಲುತ್ತದೆ, ಅಬ್ಬಾ. ನರಗುಂದದ ಕಾಲೇಜಿನವರು ಒಂದು ವರ್ಷಕ್ಕೆಂದು ಕೊಟ್ಟ ಸೂಕ್ಷ್ಮದರ್ಶಕವನ್ನು ಇದೇ ತಿಂಗಳ ಇಪ್ಪತ್ತೈದಕ್ಕೆ ಹಿಂದಿರುಗಿಸಬೇಕು. ಸ್ವಂತದ್ದು ಕೊಳ್ಳಲು ಯಾರಾದರೂ ನೆರವು ಕೊಟ್ಟಾರೆಂದು ವರ್ಷವಿಡೀ ಅಲೆದೆ, ಸಿಗಲಿಲ್ಲ. ಅದಿಲ್ಲದೆ ಹದಿನಾಲ್ಕು ಹುಡುಗಿಯರಿಗೆ ಏನು ತೋರಿಸಲಿ? ಹೊಳೆ ನೀರಿನ ಹನಿಯೊಳಗೆ ಹುಳ ಓಡಾಡುವುದನ್ನು ನೋಡಿ ಗಾಳೆವ್ವಜ್ಜಿ, "ಏ ಯವ್ವಾ, ಇಷ್ಟ ದಿನಾ ಇವನ್ನೆಲ್ಲಾ ಕುಡದೀನೇನ ನಾ?" ಎಂದು ಬಾಯಿಗೆ ಸೆರಗು ಹಿಡಿದದ್ದು ನೆನಪಿದೆಯಲ್ಲ. ಅಂದಿನಿಂದ ಆಕೆ ನೀರು ಕಾಯಿಸದೆ ಕುಡಿದಿಲ್ಲ.

ಹುಬ್ಬಳ್ಳಿಯ ಟ್ರಸ್ಟಿಗೆ ಅರ್ಜಿಯ ಜೊತೆ ತರಗತಿಯ ಫೋಟೊ ಕಳಿಸಿದ್ದೆ. ನಮ್ಮ ಕಡೆ ಗುಡಿಗೆ ಫ್ಯಾನ್ ಕೊಟ್ಟರೆ ಅದರ ರೆಕ್ಕೆಯ ಮೇಲೂ ಹೆಸರು ಬರೆಸುತ್ತಾರೆ. ನೀವಂತೂ ಜೀವನವಿಡೀ ಬೋರ್ಡು ಬರೆದವರು. "ಕೊಟ್ಟವರ ಹೆಸರ ಬರೀಲಿಲ್ಲಂದ್ರ ಹ್ಯಾಂಗವಾ?" ಎಂದು ತರಗತಿಯ ಗೋಡೆ ತುಂಬ ಬರೆದಿರಿ: ಕೋಣೆ ಬಿಟ್ಟುಕೊಟ್ಟ ಯಮನೂರಪ್ಪನವರು, ಬಾಟಲಿ ಕೊಟ್ಟ ಗಾಳೆವ್ವ, ಒಂದೇ ಒಂದು ಬಲ್ಬು ಕೊಟ್ಟವರು ಕೂಡ. ಎಲ್ಲಕ್ಕಿಂತ ಮೇಲೆ, ಹಸಿರು ಬಣ್ಣದಲ್ಲಿ, ಅಮ್ಮಿಯ ಹೆಸರು: ಜಮಾಲಬಿ. ಅಮ್ಮಿ ತೀರಿಕೊಂಡ ಮೇಲೆ ಅವಳ ಹೊಲಿಗೆಯ ಮೇಜನ್ನು ನೀವೇ ಅಲ್ಲಿಗೆ ಹೊತ್ತೊಯ್ದಿರಿ. ಸೂಕ್ಷ್ಮದರ್ಶಕ ಕೂತಿರುವುದು ಅದರ ಮೇಲೆಯೇ. ಫೋಟೊದಲ್ಲಿ ಆ ಗೋಡೆ ನೋಡಿ ಟ್ರಸ್ಟಿನವರು, "ಊರವರೇ ಇಷ್ಟೆಲ್ಲಾ ಕೊಟ್ಟಾರಲ್ರಿ. ಯಾರೂ ಇಲ್ಲದವರಿಗೆ ಕೊಡೋದ್ರಿ ನಾವು" ಅಂದರು. ಬಹಳ ನಯವಾಗಿ ಅಂದರು, ಸಿಟ್ಟು ಮಾಡಲೂ ಆಗಲಿಲ್ಲ.

ಗಜೇಂದ್ರಗಡದ ವ್ಯಾಪಾರಿಯೊಬ್ಬರು "ಹಬ್ಬ ಮುಗೀಲಿ, ನೋಡೂಣು" ಅಂದಿದ್ದರು. ಮೂರು ಸಲ ಬಸ್ಸು ಹತ್ತಿ ಹೋದೆ. ಯಾವ ಹಬ್ಬ ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಕೊನೆಗೆ ರೋಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಆಶಿಕನ ಕೈಯಿಂದ ಬೆಂಗಳೂರಿನ ಒಂದು ಕಂಪನಿಗೆ ಹೊಸ ಅರ್ಜಿ, ಹೊಸ ಫೋಟೊ ಕಳಿಸಿದೆ. ನಾಲ್ಕು ದಿನದ ಹಿಂದೆ ಉತ್ತರ ಬಂತು: ಊರಿನವರ ಸಹಭಾಗಿತ್ವ ಕಾಣಿಸುತ್ತಿಲ್ಲ, ಆದ್ದರಿಂದ ಪರಿಗಣಿಸಲಾಗದು. ಆಶಿಕ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಅವರು ಹಾಗೇಕೆ ಬರೆದರೆಂದು ನನಗೆ ಗೊತ್ತಿತ್ತು.

ಇನ್ನು ಯಾವ ಬಾಗಿಲೂ ಉಳಿದಿಲ್ಲ. ಎಂಟನೆಯ ಇಯತ್ತೆಯ ದೇವಿಕಾ ಪ್ರತಿ ವಾರದಂತೆ ಕೇಳಿದಳು, "ಅಕ್ಕಾರ, ಮುಂದಿನ ರವಿವಾರ ಏನ್ ನೋಡೂಣ್ರಿ?" ಸೊಳ್ಳೆಯ ರೆಕ್ಕೆ ಅಂದೆ. ಅದರ ಮುಂದಿನ ವಾರ ಈರುಳ್ಳಿ ಸಿಪ್ಪೆ. ಅದರಾಚೆ ಅವಳು ಕೇಳಲಿಲ್ಲ, ಪುಣ್ಯ.

ಹೊತ್ತಿಗೆ ಸರಿಯಾಗಿ ಉಣ್ಣಿ. ಖುದಾ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು,
ಗುಲ್ಷನ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಇಷ್ಟು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಆ ಹೊಸ ಫೋಟೊ ತೆಗೆಯುವ ಮೊದಲು ನಾನು ಗೋಡೆಗೆ ಸುಣ್ಣ ಬಳಿದೆ. ಹೆಸರುಗಳಿದ್ದರೆ ಇವರೂ ಕೊಡುವುದಿಲ್ಲ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಓದಲು ಬಾರದ ಗಾಳೆವ್ವಜ್ಜಿ ಆ ಜಾಗ ಸವರಿ, "ನನ್ನ ಹೆಸರ ಇಲ್ಲೇ ಇತ್ತಲ್ಲವಾ?" ಅಂದಳು. ಗೋಡೆಗೆ ತೇವ ಏರಿತ್ತು, ಅದಕ್ಕೇ ಸುಣ್ಣ ಬಳಿದೆನೆಂದು ಸುಳ್ಳು ಹೇಳಿದೆ. ಒಂದು ಸಲ ಬಳಿದದ್ದಕ್ಕೇ ಎಲ್ಲರ ಹೆಸರೂ ಮುಚ್ಚಿತು. ಅಮ್ಮಿಯದು ಮಾತ್ರ ಮುಚ್ಚಲಿಲ್ಲ, ಅದಕ್ಕೆ ನೀವು ಗಟ್ಟಿ ಬಣ್ಣ ಹಾಕಿದ್ದಿರಿ. ನಾನು ಇನ್ನೊಂದು ಸಲ ಬಳಿದೆ. ಬೈಯುವುದಿದ್ದರೆ ಫೋನ್ ಮಾಡಿ, ಎತ್ತುತ್ತೇನೆ.